ಪದಚರ್ಚೆ: ಮನೆಯಲ್ಲಿ ಸಾಬೂನು ಮಾಡುವ ಕೆಲಸಕ್ಕೆ ಬೇಕಾದ ಮಾತುಗಳು (ಹದ, ಪಸೆ, ಬಲಿಯುವುದು)

ಎಲ್ಲರಿಗೂ ನಮಸ್ಕಾರ.

ಕಾಪು ಕಡೆಯ ಒಂದು ಸ್ವಸಹಾಯ ಗುಂಪಿನ ಹೆಂಗಸರಿಗೆ ತೆಂಗಿನೆಣ್ಣೆಯಿಂದ ಸಾಬೂನು ಮಾಡುವ ಕ್ರಮವನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೆಲಸ ಕೈಗೆ ಹತ್ತಿದೆ. ಉಡುಪಿಯ ನಮ್ಮ ಮನೆಯ ಬಚ್ಚಲಿನಿಂದ ಬಾಡಿ ವಾಷ್ ಬಾಟಲಿ ಹೊರಗೆ ಹೋಗಿ, ಗೂಡಿನಲ್ಲಿ ಮತ್ತೆ ಸಾಬೂನಿನ ತುಂಡು ಬಂದು ಕೂತಿದೆ. ಗಾಣದ ಎಣ್ಣೆಯಿಂದ ನಾವೇ ಮಾಡಿದ್ದು. ಆದರೆ ನಾನು ಇದನ್ನು ಕಲಿತದ್ದು ಪೂರ್ತಿ ಇಂಗ್ಲಿಷಿನಲ್ಲಿ: ಲೈ, ಟ್ರೇಸ್, ಕ್ಯೂರ್, ಸೂಪರ್‌ಫ್ಯಾಟ್. ಈ ಮಾತುಗಳನ್ನು ಹಾಗೆಯೇ ಇಟ್ಟರೆ ಆ ಹೆಂಗಸರಿಗೆ ಬರಹ ಪರಕೀಯವಾಗುತ್ತದೆ. ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಇನ್ನೂ ದೂರವಾಗುತ್ತದೆ. ಹಾಗಾಗಿ ಅಡುಗೆಮನೆಯ ಮಾತುಗಳ ಕಡೆ ಹೋದೆ. ಅಲ್ಲಿ ನಾನು ಎಣಿಸದ ಒಂದು ತೊಡಕು ಕಾಣಿಸಿತು. ಅಡುಗೆಮನೆಯ ಮಾತು ಒಂಟಿಯಾಗಿ ಬರುವುದಿಲ್ಲ, ಅದರ ಜೊತೆಗೆ ಕೈಯ ಅಭ್ಯಾಸವೂ ಬರುತ್ತದೆ. ಸಾಬೂನಿನ ಕೆಲಸದಲ್ಲಿ ಕೆಲವು ಅಭ್ಯಾಸಗಳು ಕೈ ಸುಡುತ್ತವೆ.

ಮೊದಲನೆಯದು ಸೋಡಾ. ಎಣ್ಣೆ ಸಾಬೂನಾಗಬೇಕಾದರೆ ಸೋಡಿಯಂ ಹೈಡ್ರಾಕ್ಸೈಡ್ ಬೇಕು, ಅಂಗಡಿಯಲ್ಲಿ ಅದಕ್ಕೆ ಕಾಸ್ಟಿಕ್ ಸೋಡಾ ಎಂದೇ ಹೆಸರು. ನಮ್ಮ ಮನೆಗಳಲ್ಲಿ 'ಸೋಡಾ' ಎಂದರೆ ಮೂರು ನಾಲ್ಕು ವಸ್ತುಗಳು: ಅಡುಗೆ ಸೋಡಾ, ಬಟ್ಟೆಗೆ ಹಾಕುವ ಸೋಡಾ ಹುಡಿ, ಗೋಲಿ ಸೋಡಾ. ಮೊದಲ ಸಲ ಗುಂಪಿನವರ ಜೊತೆ ಕೂತು ಮಾತಾಡುವಾಗಲೇ ಒಬ್ಬರು ಕೇಳಿದರು, "ಅಕ್ಕ, ಇದು ಇಡ್ಲಿಗೆ ಹಾಕುವ ಸೋಡಾವಾ?" ಬಹಳ ಒಳ್ಳೆಯ ಪ್ರಶ್ನೆ. ಅಡುಗೆ ಸೋಡಾ ಹಾಕಿದರೆ ಸಾಬೂನು ಆಗುವುದಿಲ್ಲ, ಅಷ್ಟೇ. ಕಾಸ್ಟಿಕ್ ಸೋಡಾವನ್ನು ಅಡುಗೆ ಸೋಡಾದ ಡಬ್ಬಿಯ ಪಕ್ಕ ಇಟ್ಟರೆ ಆಗುವ ಅನಾಹುತವೇ ಬೇರೆ.

'ದಾಹಕ ಸೋಡಾ' ಎಂದು ಬರೆಯಬಹುದು. ಸುಡುವಂಥದು ಎಂಬ ಅರ್ಥ ಸರಿಯೇ. ಆದರೆ ನಮಗೆಲ್ಲ ದಾಹ ಎಂದರೆ ಬಾಯಾರಿಕೆ. ಎಚ್ಚರಿಕೆ ಹೇಳಬೇಕಾದ ಪದ ನೀರು ಕುಡಿಯುವುದನ್ನು ನೆನಪಿಸಬಾರದು. 'ಸುಡುಸೋಡಾ' ಎಂಬ ಮಾತು ನನಗೆ ಇಷ್ಟ, ಬಾಯಿಗೂ ಸುಲಭ. ಆದರೂ ಬರಹದಲ್ಲಿ ನಾನು 'ಕಾಸ್ಟಿಕ್ ಸೋಡಾ' ಎಂಬುದನ್ನೇ ಇಟ್ಟಿದ್ದೇನೆ, ಪ್ರತಿ ಸಲವೂ ಪೂರ್ತಿಯಾಗಿ, ಎಲ್ಲಿಯೂ ಬರಿಯ 'ಸೋಡಾ' ಎಂದು ಮೊಟಕು ಮಾಡದೆ. ಡಬ್ಬಿಯ ಮೇಲೆ ಅಚ್ಚಾದ ಹೆಸರು ಮತ್ತು ಕೈಯಲ್ಲಿರುವ ಹಾಳೆಯ ಹೆಸರು ಒಂದೇ ಆಗಿರಬೇಕು. ವಸ್ತುವಿಗೆ ಅಂಗಡಿಯ ಹೆಸರು, ಕೆಲಸಕ್ಕೆ ಮನೆಯ ಹೆಸರು ಎಂಬುದು ನಾನು ಹಿಡಿದ ದಾರಿ. ಒಪ್ಪದವರು ದಯವಿಟ್ಟು ಕಾರಣ ಹೇಳಿ.

ಇದನ್ನು ನೀರಿನಲ್ಲಿ ಕರಗಿಸಿದಾಗ ಬರುವ ದ್ರವಕ್ಕೆ, ಇಂಗ್ಲಿಷಿನ ಲೈಗೆ, ಏನೆನ್ನಬೇಕು? 'ಕ್ಷಾರ' ಎಂಬುದು ಹಳೆಯ ಪದ. ಬೂದಿ ಮತ್ತು ಸುಣ್ಣದಿಂದ ಕ್ಷಾರ ತೆಗೆಯುವ ವಿಧಾನ ಸುಶ್ರುತ ಸಂಹಿತೆಯಲ್ಲೇ ಇದೆ, ಮೃದು, ಮಧ್ಯಮ, ತೀಕ್ಷ್ಣ ಎಂಬ ಭೇದ ಸಮೇತ. ಅದು ಆಡುಮಾತಿನಲ್ಲಿ 'ಕಾರ' ಆದಾಗ ಮೆಣಸಿನ ಖಾರದ ಜೊತೆ ಬೆರೆತುಹೋಗುತ್ತದೆ. ನಮ್ಮ ಕಡೆ ಮಾತಾಡುವಾಗ ಮಹಾಪ್ರಾಣದ ಗೆರೆ ಅಷ್ಟೇನೂ ಉಳಿಯುವುದಿಲ್ಲವಲ್ಲ. ಹಾಗಾಗಿ 'ಕ್ಷಾರದ ನೀರು' ಎಂದು ಬಿಡಿಸಿ ಬರೆದಿದ್ದೇನೆ.

ಕರಗಿಸುವ ಕ್ರಿಯಾಪದದಲ್ಲೂ ಎಚ್ಚರ ಬೇಕು. 'ಕಾಸ್ಟಿಕ್ ಸೋಡಾ ಮತ್ತು ನೀರನ್ನು ಬೆರೆಸಿ' ಎಂದರೆ ಯಾವುದರೊಳಗೆ ಯಾವುದು ಎಂಬುದು ತಪ್ಪಿಹೋಗುತ್ತದೆ. ನೀರಿನೊಳಗೆ ಕಾಸ್ಟಿಕ್ ಸೋಡಾ ಬೀಳಬೇಕು. ಕಾಸ್ಟಿಕ್ ಸೋಡಾದ ಮೇಲೆ ನೀರು ಸುರಿದರೆ ಒಮ್ಮೆಗೇ ಕಾದು ಮುಖಕ್ಕೆ ಸಿಡಿಯುತ್ತದೆ. ಕ್ರಮ ತಪ್ಪದೆ ಮಾಡಿದರೂ ನೀರು ತನ್ನಷ್ಟಕ್ಕೇ 80 ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ. ಹಾಗಾಗಿ ನನ್ನ ವಾಕ್ಯ: 'ಮೊದಲು ಪಾತ್ರೆಯಲ್ಲಿ ತಣ್ಣೀರು. ಆಮೇಲೆ ಆ ನೀರಿಗೆ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಉದುರಿಸುವುದು.' ಉದುರಿಸು ಎಂದಾಗ ಕೈ ತಾನಾಗಿ ನಿಧಾನವಾಗುತ್ತದೆ, 'ಹಾಕು' ಎಂದರೆ ಹಾಗೆ ಆಗುವುದಿಲ್ಲ. ಪಾತ್ರೆ ಸ್ಟೀಲಿನದೇ ಆಗಬೇಕು. ಅಲ್ಯುಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ಸೋಡಾ ತಿಂದು ಹೈಡ್ರೋಜನ್ ಬಿಡುತ್ತದೆ. ಕೈಗವಸು, ಕನ್ನಡಕ, ಕಿಟಕಿ ತೆರೆದಿಡುವುದು, ಮಕ್ಕಳನ್ನು ದೂರ ಇಡುವುದು, ಇವಕ್ಕೆ ಯಾವ ಪದದ ಚಿಂತೆಯೂ ಇಲ್ಲ.

ಇನ್ನು ಅಳತೆ. ನಮ್ಮಲ್ಲಿ ಎಣ್ಣೆ ಎಂದ ಕೂಡಲೇ ಕುಡ್ತೆ ಅಥವಾ ಲೀಟರು ಕೈಗೆ ಬರುತ್ತದೆ. 'ಅಳೆದು ಹಾಕಿ' ಎಂದು ಬರೆದರೆ ಖಂಡಿತ ಹಾಗೆಯೇ ಅಳೆಯುತ್ತಾರೆ. ಆದರೆ ಒಂದು ಲೀಟರ್ ತೆಂಗಿನೆಣ್ಣೆ ಒಂದು ಕಿಲೋ ತೂಗುವುದಿಲ್ಲ, ಸುಮಾರು 920 ಗ್ರಾಂ ತೂಗುತ್ತದೆ. ಒಂದು ಗ್ರಾಂ ತೆಂಗಿನೆಣ್ಣೆಗೆ 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕು ಎಂಬುದು ಲೆಕ್ಕ. 500 ಗ್ರಾಂ ಎಣ್ಣೆಗೆ 91.5 ಗ್ರಾಂ. ಅರ್ಧ ಲೀಟರನ್ನು ಅರ್ಧ ಕಿಲೋ ಎಂದು ಹಿಡಿದು ಇಷ್ಟೂ ಹಾಕಿದರೆ ಎಣ್ಣೆ ಸಾಲದೆ ಕಾಸ್ಟಿಕ್ ಸೋಡಾ ಮಿಕ್ಕಿ ಮೈ ಉರಿಯುತ್ತದೆ. ಹಾಗಾಗಿ ಬರಹದಲ್ಲಿ ಅಳೆ, ಅಳತೆ ಎಂಬ ಪದಗಳನ್ನೇ ತೆಗೆದು ಎಲ್ಲ ಕಡೆ 'ತೂಗಿ' ಎಂದು ಮಾಡಿದ್ದೇನೆ, ನೀರಿಗೂ ಕೂಡ.

ಎಣ್ಣೆಯನ್ನು ಪೂರ್ತಿ ಸಾಬೂನು ಮಾಡದೆ ಸ್ವಲ್ಪ ಉಳಿಸುವುದುಂಟು, ಅದೇ ಸೂಪರ್‌ಫ್ಯಾಟ್. ಸಾಮಾನ್ಯವಾಗಿ ಶೇ. 5ರಷ್ಟು. ಬರಿಯ ತೆಂಗಿನೆಣ್ಣೆಯ ಸಾಬೂನು ಚರ್ಮವನ್ನು ಬಿಗಿಯುವಷ್ಟು ತೊಳೆಯುತ್ತದೆ, ಆದ್ದರಿಂದ ಅದಕ್ಕೆ ಶೇ. 20ರವರೆಗೂ ಉಳಿಸುತ್ತಾರೆ. ಆಗ 500 ಗ್ರಾಂ ಎಣ್ಣೆಗೆ 91.5ರ ಬದಲು 73 ಗ್ರಾಂ ಕಾಸ್ಟಿಕ್ ಸೋಡಾ, 150 ಗ್ರಾಂ ನೀರು. ಈ ಉಳಿಕೆಗೆ 'ಹೆಚ್ಚುವರಿ ಕೊಬ್ಬು' ಎಂದರೆ ಡಾಕ್ಟರ ಚೀಟಿಯ ಹಾಗೆ ಕೇಳುತ್ತದೆ. ನಾನು 'ಪಸೆ' ಎಂದಿದ್ದೇನೆ. ಎಣ್ಣೆಪಸೆ ಎಂಬ ಮಾತು ಎಲ್ಲರಿಗೂ ಗೊತ್ತು, 'ಇಪ್ಪತ್ತರ ಪಸೆ ಬಿಡುವುದು' ಎಂದರೆ ಒಂದೇ ಸಲಕ್ಕೆ ತಿಳಿಯುತ್ತದೆ. ಇಷ್ಟು ಸಲೀಸಾಗಿ ಹೊಂದಿದ ಪದ ಇನ್ನೊಂದಿಲ್ಲ ಎಂಬುದು ನನ್ನ ಸಂತೋಷ.

ನನ್ನನ್ನು ಹೆಚ್ಚು ಕಾಡಿದ್ದು ಟ್ರೇಸ್. ಎಣ್ಣೆಗೆ ಕ್ಷಾರದ ನೀರು ಸೇರಿಸಿ ತಿರುವುತ್ತ ಹೋದರೆ ಮಿಶ್ರಣ ದಪ್ಪವಾಗುತ್ತದೆ. ಸೌಟೆತ್ತಿ ಮೇಲಿನಿಂದ ಬಿಟ್ಟರೆ ಬಿದ್ದದ್ದು ಕೂಡಲೇ ಮುಳುಗದೆ ಮೇಲೆ ಗೆರೆಯಾಗಿ ನಿಲ್ಲುತ್ತದೆ. ಅಚ್ಚಿಗೆ ಸುರಿಯಬೇಕಾದ ಹೊತ್ತು ಅದು. ಯಾರೇ ಆದರೂ ಮೊದಲು ಹೇಳುವುದು 'ಪಾಕ ಬಂತು' ಎಂದು. ನಮಗೆ ಒಂದೆಳೆ ಪಾಕ, ಗಟ್ಟಿ ಪಾಕ ಎಲ್ಲ ಗೊತ್ತಿರುವಾಗ ಬೇರೆ ಪದ ಯಾಕೆ?

ಯಾಕೆಂದರೆ, ಪಾಕ ಎಂದ ತಕ್ಷಣ ಹೆಬ್ಬೆರಳು ತೋರುಬೆರಳು ಮುಂದೆ ಬರುತ್ತವೆ. ಎಳೆ ಬರುತ್ತದೆಯೇ ಎಂದು ಬೆರಳಿನ ನಡುವೆ ಹಿಡಿದು ನೋಡುವುದು ನಮಗೆ ಯೋಚನೆಯಿಲ್ಲದೆ ಬರುವ ಕೆಲಸ. ಗೆರೆ ನಿಲ್ಲುವ ಹೊತ್ತಿಗೆ ಎಣ್ಣೆ ಪೂರ್ತಿ ಸಾಬೂನಾಗಿರುವುದಿಲ್ಲ, ಅದರಲ್ಲಿ ಕ್ಷಾರ ಇನ್ನೂ ಬೇಕಾದಷ್ಟು ಇರುತ್ತದೆ, ಮುಟ್ಟಬಾರದು. ಮೇಲಾಗಿ ಪಾಕಕ್ಕೆ ಬೆಂಕಿ ಬೇಕು. ಇಲ್ಲಿ ಒಲೆಯೇ ಇಲ್ಲ, ಬೇಕಾದ ಬಿಸಿಯನ್ನು ಮಿಶ್ರಣವೇ ಹುಟ್ಟಿಸಿಕೊಳ್ಳುತ್ತದೆ. ಹಾಗಾಗಿ 'ಗೆರೆ ನಿಲ್ಲುವ ಹದ', ಚಿಕ್ಕದಾಗಿ 'ಗೆರೆಹದ' ಎಂದು ಬರೆದೆ. ಹದ ಎಂಬುದು ಮಣ್ಣಿಗೂ ಹಿಟ್ಟಿಗೂ ಮಳೆಗೂ ಆಗುವ ಮಾತು, ಅದನ್ನು ನೋಡಲು ಬೆರಳೇ ಆಗಬೇಕೆಂದಿಲ್ಲ. ಗೆರೆಯನ್ನಂತೂ ಕಣ್ಣೇ ನೋಡುತ್ತದೆ. ಕುಂದಾಪುರ ಕಡೆಯವರು, ತುಳು, ಕೊಂಕಣಿ ಮಾತಾಡುವವರು, ಸೌಟಿನಿಂದ ಬಿಟ್ಟದ್ದು ಮೇಲೆ ನಿಲ್ಲುವುದಕ್ಕೆ ನಿಮ್ಮಲ್ಲಿ ಬೇರೆ ಮಾತಿದ್ದರೆ ಬರೆಯಿರಿ. ಅಡುಗೆಯದೇ ಆದರೂ ಆದೀತು, ಕೈ ಹಾಕಿಸದಿದ್ದರೆ ಸಾಕು.

ಕ್ಯೂರ್‌ಗೂ ಇದೇ ಪರೀಕ್ಷೆ ಮಾಡಿದೆ. ಅಚ್ಚಿನಿಂದ ತೆಗೆದು ಕೊಯ್ದ ಸಾಬೂನನ್ನು ನಾಲ್ಕರಿಂದ ಆರು ವಾರ ಇಡಬೇಕು. 'ಒಣಗಿಸಿ' ಎಂದರೆ ಹಪ್ಪಳ, ಕೊಬ್ಬರಿಯ ಜೊತೆ ಅಂಗಳದ ಬಿಸಿಲಿಗೆ ಹೋಗುತ್ತದೆ. ಬಿಸಿಲಿಗೆ ಸಾಬೂನು ಸೊಟ್ಟಗಾಗುತ್ತದೆ, ಉಳಿಸಿದ ಎಣ್ಣೆ ಕಮಟುತ್ತದೆ. 'ಹಣ್ಣಾಗಲು ಬಿಡಿ' ಎಂದರೆ ಬೈಹುಲ್ಲಿನಲ್ಲಿ ಮುಚ್ಚಿಡುವುದು ನೆನಪಾಗುತ್ತದೆ. ಇದಕ್ಕೆ ಬೇಕಾದದ್ದು ನೆರಳು ಮತ್ತು ಗಾಳಿ, ತುಂಡು ತುಂಡಿನ ನಡುವೆ ಜಾಗ. ಎಣ್ಣೆ ಸಾಬೂನಾಗುವ ಕೆಲಸ ಬಹುಪಾಲು ಒಂದೆರಡು ದಿನಗಳಲ್ಲೇ ಮುಗಿದಿರುತ್ತದೆ. ಆಮೇಲಿನ ವಾರಗಳಲ್ಲಿ ನೀರು ಆರುತ್ತದೆ, ಒಳಗಿನ ಹರಳುಗಟ್ಟು ಬಿಗಿಯಾಗುತ್ತದೆ, ನೊರೆ ಒಳ್ಳೆಯದಾಗುತ್ತದೆ, ಬಳಸುವಾಗ ಬೇಗ ಸವೆಯುವುದಿಲ್ಲ. ಬೊಂಡ ಬನ್ನಂಗಾಯಿಯಾಗಿ, ಬನ್ನಂಗಾಯಿ ಬಲಿತ ಕಾಯಿಯಾಗುವ ಹಾಗೆ. ಆದ್ದರಿಂದ ನನ್ನ ಪದ 'ಬಲಿಯುವುದು'. ಎಳೆ ಸಾಬೂನು, ಬಲಿತ ಸಾಬೂನು. ಬಲಿಯುವುದಕ್ಕೆ ನಾವು ಮಾಡುವಂಥದ್ದೇನೂ ಇಲ್ಲ, ಕಾಯಬೇಕು. ಈ ಪದ ಹೇಳುವುದೂ ಅಷ್ಟನ್ನೇ.

ಆಟಿ ತಿಂಗಳ ಮಳೆಯಲ್ಲಿ ಇನ್ನೊಂದು ಉಂಟು. ಸಾಬೂನಾಗುವಾಗ ಹುಟ್ಟುವ ಗ್ಲಿಸರಿನ್ ಮನೆಯಲ್ಲಿ ಮಾಡಿದ್ದರಲ್ಲಿ ಹಾಗೆಯೇ ಉಳಿಯುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ಸಾಬೂನಿನ ಮೇಲೆ ಹನಿಗಟ್ಟುತ್ತದೆ. ಹಾಳಾಯಿತೆಂದು ಬಿಸಾಡುವವರಿದ್ದಾರೆ, ಹಾಳಾಗಿರುವುದಿಲ್ಲ. 'ಬೆವರುವುದು' ಎಂದು ಬರೆದಿದ್ದೇನೆ. ಇದು ಹಿಡಿಸದಿದ್ದರೆ ಬದಲು ಹೇಳಿ.

'ಮಾಡುವುದು' ಎಂಬ ಸಾದಾ ಕ್ರಿಯಾಪದದ ಬಗ್ಗೆಯೂ ನನಗೊಂದು ಒತ್ತಾಯ ಉಂಟು. ಅಂಗಡಿಯಲ್ಲಿ ಸಿದ್ಧ ಸೋಪ್ ಬೇಸ್ ಸಿಗುತ್ತದೆ. ಅದನ್ನು ಕರಗಿಸಿ ಬಣ್ಣ, ಪರಿಮಳ ಸೇರಿಸಿ ಅಚ್ಚಿಗೆ ಎರೆದರೆ ಚಂದದ ಸಾಬೂನು ಬರುತ್ತದೆ, ಮಕ್ಕಳ ಜೊತೆ ಮಾಡಲು ಅದೇ ಒಳ್ಳೆಯದು. ಆದರೆ ಅಲ್ಲಿ ಎಣ್ಣೆ ಸಾಬೂನಾಗಿದ್ದು ಬೇರೆ ಯಾರದೋ ಕೈಯಲ್ಲಿ. ಅದಕ್ಕೆ 'ಎರಕದ ಸಾಬೂನು' ಎಂದು ಕರೆದರೆ ಎರಡೂ ಕೆಲಸಗಳಿಗೆ ಅವುಗಳ ಮರ್ಯಾದೆ ಸಿಗುತ್ತದೆ. ಹಾಗೆಯೇ ಮಾರುವ ಚೀಟಿಯ ಮೇಲೆ 'ರಾಸಾಯನಿಕ ರಹಿತ' ಎಂದು ಹಾಕುವುದನ್ನು ದಯವಿಟ್ಟು ನಿಲ್ಲಿಸಬೇಕು. ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸಾಬೂನು ಹುಟ್ಟುವುದೇ ಇಲ್ಲ. ಸರಿಯಾಗಿ ತೂಗಿ ಮಾಡಿದರೆ ಬಲಿತ ಸಾಬೂನಿನಲ್ಲಿ ಅದು ಉಳಿಯುವುದಿಲ್ಲ ಎಂಬುದೇ ನಿಜವಾದ ಹೆಮ್ಮೆಯ ಮಾತು, ಅದನ್ನೇ ಬರೆಯಲಿ. ಕಾಸ್ಟಿಕ್ ಸೋಡಾದ ಬದಲು ಬೂದಿ ಸಾಲದೇ ಎಂದರೆ, ಬೂದಿಯಿಂದ ಇಳಿಸಿದ ಕ್ಷಾರದಲ್ಲಿ ಮುಖ್ಯವಾಗಿ ಪೊಟ್ಯಾಷಿಯಂ ಇರುವುದರಿಂದ ಅದರ ಸಾಬೂನು ಮೆತ್ತಗೆ, ಮುದ್ದೆಯಾಗಿ ಬರುತ್ತದೆ, ತುಂಡು ನಿಲ್ಲುವುದಿಲ್ಲ.

ಕೊನೆಗೆ ಸಾಬೂನಿನ ಹೆಸರೇ. ಅರಬ್ಬಿ, ಪಾರಸಿಯ ಸಾಬೂನ್, ಪೋರ್ಚುಗೀಸರ ಸಾಬಾವ್, ಎರಡರ ಬೇರೂ ಲ್ಯಾಟಿನ್ನಿನ ಸಾಪೋ. (ರೋಮಿನ ಸಾಪೋ ಬೆಟ್ಟದಿಂದ ಹೆಸರು ಬಂತು ಎಂಬ ಕಥೆ ಓಡಾಡುತ್ತದೆ. ಅಂಥ ಬೆಟ್ಟ ಯಾರಿಗೂ ಸಿಕ್ಕಿಲ್ಲ, ದಾಟಿಸಬೇಡಿ.) ನಮ್ಮ ಕ್ರೈಸ್ತ ನೆರೆಯವರ ಕೊಂಕಣಿಯಲ್ಲಿ 'ಸಾಬು', ಕನ್ನಡದಲ್ಲಿ ನಕಾರ ಉಳಿಸಿಕೊಂಡ 'ಸಾಬೂನು'. ಹಡಗಿನಲ್ಲಿ ಬಂದದ್ದೊಂದು, ಹಿಂದುಸ್ತಾನಿಯ ಮೂಲಕ ಗಟ್ಟದ ಮೇಲಿನಿಂದ ಇಳಿದದ್ದೊಂದು ಇರಬಹುದೇ? ಹಳೆ ಮೈಸೂರಿನ 'ಸಬಕಾರ', ತಮಿಳಿನ ಸವುಕ್ಕಾರಂ ನಮ್ಮ ಕರಾವಳಿಯ ಹಿರಿಯರ ಬಾಯಲ್ಲಿ ಯಾರಾದರೂ ಕೇಳಿದ್ದೀರಾ?

ಇನ್ನೂ ಒಂದು ತುರ್ತಿನ ಪ್ರಶ್ನೆ. ಸ್ನಾನದ್ದಕ್ಕೆ 'ಬಾರ್ ಸೋಪು' ಎಂದು ಬರೆಯಲಾರೆ, ನಮ್ಮ ಅಂಗಡಿಗಳಲ್ಲಿ ಹಾಗೆಂದರೆ ಬಟ್ಟೆಯ ಉದ್ದ ಸೋಪು ಕೊಡುತ್ತಾರೆ. ಅಂಗಡಿಯ ಪೊಟ್ಟಣಗಳ ಮೇಲೆಯೂ ಎರಡು ಬೇರೆ ಹೆಸರುಗಳಿವೆ. ಭಾರತೀಯ ಮಾನಕದಲ್ಲಿ ಟಾಯ್ಲೆಟ್ ಸೋಪಿಗೆ ದರ್ಜೆ ನೋಡಿಕೊಂಡು ಕೊಬ್ಬಿನಂಶ ಕನಿಷ್ಠ ಶೇ. 76, 70 ಅಥವಾ 60 ಇರಬೇಕು, ಬೇದಿಂಗ್ ಬಾರ್‌ಗೆ ಶೇ. 40 ಸಾಕು. ಈ ವ್ಯತ್ಯಾಸ ಕೊಳ್ಳುವವರಿಗೆ ತಿಳಿಯುವ ಕನ್ನಡ ಎಲ್ಲಿಯೂ ಕಾಣೆ. 'ಮೀಯುವ ಸಾಬೂನು' ಎಂಬುದು ನನ್ನ ಮನಸ್ಸಿನಲ್ಲಿದೆ. ತುಳುವಿನ ಮೀಪಿನಿಯೂ ಅದರ ಪಕ್ಕದಲ್ಲೇ ಇರುವುದರಿಂದ ಇಲ್ಲಿಯವರಿಗೆ ತೊಡಕಾಗದು. ಆದರೆ ಗಟ್ಟದ ಮೇಲಿನವರಿಗೆ ಮೀಯುವುದು ಹಳೆಗಾಲದ ಮಾತಾಗಿ ಕೇಳುತ್ತದೆಯೇ? ಬಯಲುಸೀಮೆಯ ಗೆಳೆಯರು ಇದೊಂದಕ್ಕೆ ಬೇಗ ಉತ್ತರ ಕೊಟ್ಟರೆ ಉಪಕಾರ. ಗುಂಪಿನವರು ಮಳೆ ಬಿಟ್ಟ ಮೇಲೆ ಕೆಲಸ ಶುರು ಮಾಡುತ್ತಾರೆ, ಹಾಳೆ ಅದಕ್ಕೆ ಮುಂಚೆ ಅಚ್ಚಾಗಬೇಕು.