ಪದಚರ್ಚೆ: ಕೆಟಗರಿ ಥಿಯರಿಯ ಕೆಟಗರಿಗೆ 'ವರ್ಗ' ಅನ್ನಬಹುದೇ?

ಗೆಳೆಯರೆ,

ಎಂಎಸ್ಸಿ ಗಣಿತದಲ್ಲಿ ಈ ಸೆಮಿಸ್ಟರ್ ಕೆಟಗರಿ ಥಿಯರಿಯನ್ನು (ವಸ್ತುಗಳನ್ನು ಅವುಗಳ ನಡುವಿನ ಬಾಣಗಳ ಮೂಲಕವೇ ನೋಡುವ ಗಣಿತದ ಶಾಖೆ) ಐಚ್ಛಿಕವಾಗಿ ತಗೊಂಡಿದ್ದೇನೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ರೂಮಿಗೆ ಬಂದು ಅದನ್ನೇ ಕನ್ನಡದಲ್ಲಿ ಒಮ್ಮೆ ಬರೆದುಕೊಳ್ಳುವುದು ಪಿಯುಸಿಯಿಂದ ಅಂಟಿದ ಚಟ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಹಾಗೆ ಬರೆದರೇ ತಲೆಗೆ ಹತ್ತುವುದು. ಈ ಸಲ ಮಾತ್ರ ಮೊದಲ ಪುಟದ ಮೊದಲ ಪದದಲ್ಲೇ ಪೆನ್ನು ಸಿಕ್ಕಿಕೊಂಡಿದೆ.

ಕೆಟಗರಿ ಅಂದರೆ ವರ್ಗ ತಾನೇ ಎಂದು 'ವರ್ಗ ಸಿದ್ಧಾಂತ' ಅಂತ ತಲೆಬರಹ ಹಾಕಿದ್ದೆ. ರಜೆಗೆ ಊರಿಗೆ ಹೋದಾಗ ಎಸ್ಸೆಸ್ಸೆಲ್ಸಿ ಓದುವ ತಮ್ಮ ನನ್ನ ನೋಟ್‌ಬುಕ್ ತಿರುವಿ, "ನಿಂಗಿನ್ನೂ ವರ್ಗ ಸಮೀಕರಣ ಮುಗ್ದಿಲ್ವಾ?" ಅಂದ. ಅವನದೇನೂ ತಪ್ಪಿಲ್ಲ. ನಮ್ಮ ಗಣಿತದ ಪುಸ್ತಕಗಳಲ್ಲಿ ವರ್ಗ ಎಂದರೆ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವುದು. ವರ್ಗಮೂಲ, ವರ್ಗ ಸಮೀಕರಣ, ವರ್ಗ ಮಾತೃಕೆ (ಸ್ಕ್ವೇರ್ ಮ್ಯಾಟ್ರಿಕ್ಸ್) ಎಲ್ಲ ಆ ಮನೆಯ ಮಕ್ಕಳೇ. ವ್ಯಾಕರಣದ ಕವರ್ಗ ಚವರ್ಗಗಳು ಬೇರೆ, ಸರ್ಕಾರಿ ನೌಕರರ ಮನೆಯಲ್ಲಿ 'ವರ್ಗ ಆಯ್ತು' ಅನ್ನುವುದು ಬೇರೆ. ಅವು ಸಂದರ್ಭದಿಂದಲೇ ಗೊತ್ತಾಗುತ್ತವೆ, ತಕರಾರಿಲ್ಲ. ಆದರೆ ಗಣಿತದ ಒಳಗೇ ಒಂದು ಪದಕ್ಕೆ ಎರಡು ಕೆಲಸ ಕೊಟ್ಟರೆ ಏನಾಗುತ್ತದೆ ನೋಡಿ. ಎರಡನೇ ವಾರವೇ ಬಂದ ಉದಾಹರಣೆ: ಸಂಖ್ಯೆಗಳೇ ವಸ್ತುಗಳು, ಮಾತೃಕೆಗಳೇ ಅವುಗಳ ನಡುವಿನ ಬಾಣಗಳು, ಮಾತೃಕೆಗಳ ಗುಣಾಕಾರವೇ ಬಾಣಗಳ ಜೋಡಣೆ. ನನ್ನ ನೋಟ್ಸಿನಲ್ಲಿ ಅವತ್ತು ಬಿದ್ದ ಸಾಲು: "ವರ್ಗ ಮಾತೃಕೆಯ ವರ್ಗವೂ ಈ ವರ್ಗದ ಬಾಣವೇ." ಗಣಿತ ಸರಿಯಾಗಿಯೇ ಇದೆ. ಓದುವವನ ಗತಿ?

ಇನ್ನೂ ದೊಡ್ಡ ತೊಡಕೆಂದರೆ, ವರ್ಗ ಅಂದ ಕೂಡಲೆ ನಮಗೆ ವಿಂಗಡಣೆ ನೆನಪಾಗುತ್ತದೆ: ಒಂದೇ ಥರದವನ್ನು ಒಂದು ಕಡೆ ಹಾಕಿ ಚೀಟಿ ಅಂಟಿಸುವುದು. ಈ ವಿಷಯದಲ್ಲಿ ಕೆಟಗರಿ ಅಂದರೆ ಅದಲ್ಲ. ಒಂದಷ್ಟು ವಸ್ತುಗಳಿರುತ್ತವೆ, ಅವುಗಳ ನಡುವೆ ಬಾಣಗಳಿರುತ್ತವೆ. ಒಂದರ ಮೊನೆ ಮುಟ್ಟಿದಲ್ಲಿಂದಲೇ ಇನ್ನೊಂದು ಹೊರಟರೆ ಎರಡನ್ನೂ ಜೋಡಿಸಿ ಒಂದೇ ಬಾಣ ಮಾಡಬಹುದು. ಸಾಲಾಗಿ ಮೂರಿದ್ದರೆ ಮೊದಲ ಎರಡನ್ನು ಮುಂಚೆ ಜೋಡಿಸಿದರೂ ಕೊನೆಯ ಎರಡನ್ನು ಮುಂಚೆ ಜೋಡಿಸಿದರೂ ಸಿಗುವುದು ಒಂದೇ. ಪ್ರತಿ ವಸ್ತುವಿಗೂ ಸುಮ್ಮನೆ ತನ್ನಲ್ಲಿಗೇ ಮರಳುವ, ಏನೂ ಮಾಡದ ಒಂದು ಬಾಣ ಇರಬೇಕು. ಷರತ್ತು ಇಷ್ಟೇ. ವಸ್ತುಗಳ ಹೊಟ್ಟೆಯೊಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ, ಬದುಕೆಲ್ಲ ಬಾಣಗಳಲ್ಲಿದೆ.

ಹಾಗಾದರೆ ಇಂಗ್ಲಿಷಿನಲ್ಲಾದರೂ ಆ ಹೆಸರು ಯಾಕೆ ಬಂತು? ಗಣಿತಜ್ಞರಾದ ಐಲೆನ್‌ಬರ್ಗ್ ಮತ್ತು ಮ್ಯಾಕ್ ಲೇನ್ ಇಬ್ಬರೂ 1945ರ ಪ್ರಬಂಧದಲ್ಲಿ ಈ ವಿಷಯವನ್ನು ಕಟ್ಟಿ ನಿಲ್ಲಿಸಿದರು. ತತ್ತ್ವಶಾಸ್ತ್ರದವರಿಂದ ಪದ ಕದಿಯುವುದರಲ್ಲಿ ಒಂದು ಸುಖ ಇತ್ತು ಎಂದು ಮ್ಯಾಕ್ ಲೇನ್ 1971ರ ತಮ್ಮ ಪಠ್ಯಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ: ಕೆಟಗರಿ ಅರಿಸ್ಟಾಟಲ್ ಮತ್ತು ಕಾಂಟ್‌ರಿಂದ, ಫಂಕ್ಟರ್ (ಒಂದು ಕೆಟಗರಿಯ ವಸ್ತು, ಬಾಣಗಳನ್ನು ಜೋಡಣೆ ಕೆಡದಂತೆ ಇನ್ನೊಂದಕ್ಕೆ ಒಯ್ಯುವುದು) ಕಾರ್ನಪ್‌ರಿಂದ. ಅಂದರೆ ಮೂಲದಲ್ಲೇ ಇದು ಕದ್ದ ಮಾಲು; ಅರ್ಥಕ್ಕೆ ಅರ್ಥ ಹೊಂದಿಸುತ್ತ ಕೂತರೆ ನಾವೇ ಮೋಸ ಹೋಗುತ್ತೇವೆ.

ಅವರು ಅರಿಸ್ಟಾಟಲ್ ಮನೆಗೆ ನುಗ್ಗಿದರೆ ನಾವು ವೈಶೇಷಿಕ ದರ್ಶನದ ಕಣಾದನ ಮನೆಗೆ ಯಾಕೆ ನುಗ್ಗಬಾರದು ಅಂತಲೂ ಯೋಚಿಸಿದೆ. ದ್ರವ್ಯ, ಗುಣ, ಕರ್ಮ ಎಂದು ಶುರುವಾಗುವ ವೈಶೇಷಿಕರ 'ಪದಾರ್ಥ'ಕ್ಕೆ ಇಂಗ್ಲಿಷಿನವರು ಕೆಟಗರಿ ಎಂದೇ ಬರೆಯುತ್ತಾರೆ. ಪದಾರ್ಥ ಸಿದ್ಧಾಂತ! ಮಂಗಳೂರು ಕಡೆಯ ರೂಮ್‌ಮೇಟ್‌ಗೆ ಹೇಳಿದೆ. "ಊಟಕ್ಕೆ ಪದಾರ್ಥ ಎಂತ ಅಂತ ಕೇಳುವ ಜನ ನಾವು ಮಾರಾಯ, ಇದು ಸಾಂಬಾರಿನ ಸಿದ್ಧಾಂತ ಆಗ್ತದೆ" ಅಂದ. ಅಲ್ಲಿಗೆ ಅದು ಮುಗಿಯಿತು.

ಸದ್ಯಕ್ಕೆ ನನ್ನ ನೋಟ್ಸಿನಲ್ಲಿ 'ಪ್ರವರ್ಗ' ನಡೆಯುತ್ತಿದೆ. ಗಣಿತದಲ್ಲಿ ಅದಕ್ಕೆ ಬೇರೆ ಕೆಲಸವಿರುವುದನ್ನು ನಾನು ಕಂಡಿಲ್ಲ. ಉಪಪ್ರವರ್ಗ, ಪ್ರವರ್ಗೀಯ ಎಂದು ಎಳೆದರೆ ಬರುತ್ತದೆ. ಒಂದೇ ಇರುಸುಮುರುಸು: ಪ್ರವರ್ಗ ಅಂದರೆ ಕರ್ನಾಟಕದಲ್ಲಿ ಎಲ್ಲರಿಗೂ ನೆನಪಾಗುವುದು ಅರ್ಜಿ ಫಾರಂನ ಕಾಲಂ. ಪ್ರವರ್ಗ-1, 2ಎ, 2ಬಿ, 3ಎ, 3ಬಿ. ಬಾಣಗಳನ್ನೆಲ್ಲ ತಿರುಗಿಸಿದಾಗ ಸಿಗುವುದಕ್ಕೆ 'ವಿರುದ್ಧ ಪ್ರವರ್ಗ' ಎಂದು ಬರೆದರೆ ಹೈಕೋರ್ಟಿನ ಕೇಸಿನ ಹೆಸರಿನ ಹಾಗೆ ಕೇಳಿಸುತ್ತದೆ. ಆದರೂ ವರ್ಗಕ್ಕಿಂತ ವಾಸಿ ಅಂತ ನನ್ನ ಎಣಿಕೆ.

ಒಂದು ಪದ ಮಾತ್ರ ಕನ್ನಡದಲ್ಲೇ ಚೆನ್ನಾಗಿ ಕೂತಿದೆ, ಅದನ್ನು ಹೇಳದೆ ಇರಲಾರೆ. ಒಂದು ಫಂಕ್ಟರಿನಿಂದ ಇನ್ನೊಂದಕ್ಕೆ ಹೋಗುವ ದಾರಿಗೆ ನ್ಯಾಚುರಲ್ ಟ್ರಾನ್ಸ್‌ಫರ್ಮೇಶನ್ ಅಂತ ಬರುತ್ತದಲ್ಲ, ಅದಕ್ಕೆ ಮೊದಲು 'ಸ್ವಾಭಾವಿಕ ಪರಿವರ್ತನೆ' ಬರೆದಿದ್ದೆ, ಸ್ವಾಭಾವಿಕ ಸಂಖ್ಯೆ ರೂಢಿಯಲ್ಲಿದೆ ಅಂತ. ಮೇಡಂ ಅವತ್ತು ಬೋರ್ಡಿನ ಮೇಲೆ ಪರಿಮಿತ ಆಯಾಮದ ಒಂದು ಸದಿಶಾಕಾಶ (ವೆಕ್ಟರ್ ಸ್ಪೇಸ್), ಅದರ ಪಕ್ಕಕ್ಕೆ ಅದರ ದ್ವೈತ (ಡ್ಯುಯಲ್, ಅಂದರೆ ಪ್ರತಿ ಸದಿಶಕ್ಕೂ ಒಂದು ಸಂಖ್ಯೆ ಕೊಡುವ ರೇಖೀಯ ಫಲನಗಳ, ಲೀನಿಯರ್ ಫಂಕ್ಷನ್‌ಗಳ ಆಕಾಶ), ಆಮೇಲೆ ದ್ವೈತದ ದ್ವೈತ ಬರೆದರು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ಒಂದು ಆಧಾರವನ್ನು (ಬೇಸಿಸ್) ಆರಿಸಿಕೊಳ್ಳಲೇಬೇಕು. ನೀವು ಒಂದು ಆರಿಸಿದರೆ ನಾನು ಇನ್ನೊಂದು ಆರಿಸುತ್ತೇನೆ, ಇಬ್ಬರ ದಾರಿಯೂ ಬೇರೆ. ಆಮೇಲೆ ಡಸ್ಟರ್ ತಗೊಂಡು ಆಧಾರದ ಸದಿಶಗಳನ್ನು ಪೂರ್ತಿ ಅಳಿಸಿ, ಮೊದಲನೆಯದರಿಂದ ನೇರ ಮೂರನೆಯದಕ್ಕೆ ಬಾಣ ಎಳೆದರು. ಇಲ್ಲಿ ಯಾರೂ ಏನನ್ನೂ ಆರಿಸಬೇಕಿಲ್ಲ. ಪ್ರತಿ ಸದಿಶವೂ ಎದುರು ಬಂದ ರೇಖೀಯ ಫಲನಕ್ಕೆ 'ನನ್ನಲ್ಲಿ ನಿನ್ನ ಬೆಲೆ ಇಷ್ಟು' ಅನ್ನುತ್ತದೆ, ಅಷ್ಟೇ. ಹಾಸ್ಟೆಲಿಗೆ ನಡೆದು ಬರುವಾಗ ಹೊಳೆಯಿತು: ಸಹ-ಜ. ಜೊತೆಯಲ್ಲೇ ಹುಟ್ಟಿದ್ದು. ಆ ಬಾಣ ಸದಿಶಾಕಾಶದ ಜೊತೆಗೇ ಹುಟ್ಟಿದೆ, ಹೊರಗಿನಿಂದ ತಂದದ್ದಲ್ಲ. ಸ್ವಾಭಾವಿಕ, ನೈಸರ್ಗಿಕ ಯಾವುದೂ ಇದರ ಹತ್ತಿರ ಬರುವುದಿಲ್ಲ. 'ಸಹಜ ಪರಿವರ್ತನೆ'ಯೇ ಆಗಬೇಕು.

ಉಳಿದವು ಚುಟುಕಾಗಿ. ಮಾರ್ಫಿಸಂಗೆ ಬಾಣ ಸಾಕು, ಕ್ಲಾಸಿನಲ್ಲೂ ಎಲ್ಲರ ಬಾಯಲ್ಲಿ ಆ್ಯರೋ ಎಂದೇ ಇದೆ. ಫಂಕ್ಟರ್‌ಗೆ ಫಲನದ ಜಾಡಿನಲ್ಲಿ 'ಫಲಕ' ಮಾಡಹೊರಟು, ಬಸ್ಸಿನ ಬೋರ್ಡು ಕಣ್ಣಿಗೆ ಬಂದು ಕೈಬಿಟ್ಟೆ. ಫಂಕ್ಟರ್ ಎಂದೇ ಇದೆ. ಏನೂ ಮಾಡದ ಬಾಣಕ್ಕೆ 'ಅನನ್ಯ' ಅಂದರೆ, 'ಇಂಥ ಬಾಣ ಒಂದೇ ಒಂದು' ಅನ್ನಲೂ ಅದೇ ಪದ ನಾಲಿಗೆಗೆ ಬರುತ್ತದೆ, ಈ ವಿಷಯದಲ್ಲಿ ಎರಡೂ ಹೆಜ್ಜೆಹೆಜ್ಜೆಗೆ ಬೇಕು. ಹಾಗಾಗಿ ಎರಡನೆಯದಕ್ಕೆ 'ಏಕೈಕ' ಇಟ್ಟುಕೊಂಡಿದ್ದೇನೆ.

ನಿಜವಾಗಿ ಸೋತದ್ದು ಪ್ರಾಡಕ್ಟ್ ಹತ್ತಿರ. ಎರಡು ವಸ್ತುಗಳ ಪ್ರಾಡಕ್ಟ್ ಅಂದರೆ ಎರಡಕ್ಕೂ ಬಾಣ ಬಿಡುವ ಒಂದು ವಸ್ತು; ಹಾಗೆ ಎರಡಕ್ಕೂ ಬಾಣ ಬಿಡುವ ಬೇರೆ ಯಾವುದರ ಬಾಣಗಳೂ ಇದರ ಮೂಲಕವೇ, ಒಂದೇ ರೀತಿಯಲ್ಲಿ, ಹಾದುಹೋಗುತ್ತವೆ. ಒಂದು ಸಂಖ್ಯೆ ಇನ್ನೊಂದನ್ನು ನಿಶ್ಶೇಷವಾಗಿ ಭಾಗಿಸಿದರೆ ಮೊದಲನೆಯದರಿಂದ ಎರಡನೆಯದಕ್ಕೆ ಬಾಣ ಎಂದುಕೊಳ್ಳಿ. ಈ ಪ್ರವರ್ಗದಲ್ಲಿ 12 ಮತ್ತು 18ರ ಪ್ರಾಡಕ್ಟ್ 6, ನಮ್ಮ ಹಳೆಯ ಮ.ಸಾ.ಅ. ಅದನ್ನು ಗುಣಲಬ್ಧ ಎಂದು ಬರೆದರೆ ತಮ್ಮ ಕ್ಯಾಲ್ಕುಲೇಟರ್ ಒತ್ತಿ 216 ತೋರಿಸುತ್ತಾನೆ. 'ಉತ್ಪನ್ನ'ವನ್ನು ಎಷ್ಟೋ ಪುಸ್ತಕಗಳು ಆಗಲೇ ಫಂಕ್ಷನ್‌ಗೆ ಬರೆದುಕೊಟ್ಟಿವೆ. ಬಾಣ ತಿರುಗಿಸಿದರೆ ಸಿಗುವ ಕೋಪ್ರಾಡಕ್ಟ್ ಇಲ್ಲಿ 36, ಲ.ಸಾ.ಅ. ಆ 'ಕೋ'ಗೆ ಸಹಗುಣಕದ 'ಸಹ' ಹಾಕುವಂತಿಲ್ಲ. ಇದು ಜೊತೆ ಬರುವುದಲ್ಲ, ಎದುರು ಬರುವುದು. 'ಪ್ರತಿ' ಹಾಕೋಣವೆಂದರೆ ಪ್ರತಿ ಯಾವುದಕ್ಕೆ, ಮೂಲ ಪದವೇ ಇಲ್ಲವಲ್ಲ.

ಹಾಗಾಗಿ ಕೇಳುವುದು ಎರಡು. ಪ್ರವರ್ಗವನ್ನು ಗಣಿತದಲ್ಲಿ ಬೇರೆ ಅರ್ಥಕ್ಕೆ ಬಳಸಿದ್ದನ್ನು ಯಾರಾದರೂ ನೋಡಿದ್ದೀರಾ? ಮತ್ತೆ, 12 ಮತ್ತು 18ರಿಂದ 6 ಬರುವ ಆ ಪ್ರಾಡಕ್ಟಿಗೆ, ಗುಣಾಕಾರದ ವಾಸನೆ ಇಲ್ಲದ ಒಂದು ಪದ ಸಿಕ್ಕೀತೇ? ಕೂಟ, ಬೆಸುಗೆ ಎರಡನ್ನೂ ಬರೆದು ಹೊಡೆದುಹಾಕಿದ್ದೇನೆ.