‘ಉಳಿತಾಯ ಬಜೆಟ್’ ಮತ್ತು ‘ಖೋತಾ ಬಜೆಟ್’: ಉಳಿದದ್ದು ಯಾವುದು, ಖೋತಾ ಆದದ್ದು ಯಾವುದು?

2023ರ ಫೆಬ್ರವರಿ 17ರಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ವಿಧಾನಸಭೆಯಲ್ಲಿ 2023-24ನೇ ಸಾಲಿನ ಆಯವ್ಯಯವನ್ನು ಮಂಡಿಸಿದರು. ಅದನ್ನು ಎಲ್ಲೆಡೆ ‘ಉಳಿತಾಯ ಬಜೆಟ್’ ಎಂದು ಕರೆಯಲಾಯಿತು. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬಹಳ ವರ್ಷ ಕಾರ್ಯದರ್ಶಿಯಾಗಿ ಲೆಕ್ಕ ಬರೆದ ನಮ್ಮ ತಂದೆಯವರು ಮರುದಿನ ಬೆಳಿಗ್ಗೆ ಪತ್ರಿಕೆಯನ್ನು ಮಡಿಚಿಕೊಂಡು, ಎರಡು ಅಂಕಿಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ನನ್ನ ಮುಂದಿಟ್ಟರು. “ಮೇಲೆ 402 ಕೋಟಿ ಉಳಿತಾಯ ಅಂತ ಹಾಕವ್ರೆ. ಕೆಳಗೆ 77,750 ಕೋಟಿ ಸಾಲ ಎತ್ತುತೀವಿ ಅಂತ ಐತೆ. ಉಳಿದಿದ್ರೆ ಸಾಲ ಯಾಕಪ್ಪ? ಸಾಲ ಮಾಡಿದ್ಮೇಲೆ ಅದನ್ನ ಉಳಿದಿದ್ದು ಅಂತ ಹೆಂಗೆ ಬರೀತಾರೆ?” ಎಂದು ಕೇಳಿದರು.

ಪದವಿಪೂರ್ವ ತರಗತಿಗಳಿಗೆ ಕನ್ನಡ ಮಾಧ್ಯಮದಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು ಲೆಕ್ಕವನ್ನು ಬಿಡಿಸಿ ಹೇಳಿದೆ. ಅವರಿಗೆ ಲೆಕ್ಕ ತಿಳಿಯಿತು, ಆದರೆ ಆ ಲೆಕ್ಕಕ್ಕೆ ‘ಉಳಿತಾಯ’ ಎಂಬ ಹೆಸರನ್ನು ಅವರು ಕೊನೆಗೂ ಒಪ್ಪಲಿಲ್ಲ. ಅವರ ಪುಸ್ತಕದಲ್ಲಿ ಎಡಗಡೆ ಜಮಾ, ಬಲಗಡೆ ಖರ್ಚು, ಕೊನೆಯಲ್ಲಿ ಶಿಲ್ಕು. ಬ್ಯಾಂಕಿನಿಂದ ತಂದ ಸಾಲವೂ ಜಮಾ ಬದಿಗೇ ಬರುತ್ತಿತ್ತು, ನಿಜ. ಆದರೆ ಸಾಲದಿಂದ ನಿಂತ ಶಿಲ್ಕನ್ನು ಸಂಘದ ವಾರ್ಷಿಕ ಸಭೆಯಲ್ಲಿ ಉಳಿತಾಯವೆಂದು ಓದಿದ್ದರೆ ಸದಸ್ಯರು ಸುಮ್ಮನಿರುತ್ತಿರಲಿಲ್ಲ. ಅಂದಿನಿಂದ ಈ ಎರಡು ಪದಗಳು ನನ್ನನ್ನು ಬಿಟ್ಟಿಲ್ಲ. ಅವುಗಳ ಬಳಕೆ ಮತ್ತು ಅರ್ಥದ ಬಗ್ಗೆ ನನಗೆ ತೋಚಿದ್ದನ್ನು ಇಲ್ಲಿ ಬರೆದು, ಬಲ್ಲವರ ಅಭಿಪ್ರಾಯವನ್ನು ಕೇಳುತ್ತಿದ್ದೇನೆ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಸರ್ಕಾರಕ್ಕೆ ತೆರಿಗೆ, ಶುಲ್ಕ, ಕೇಂದ್ರದ ತೆರಿಗೆ ಪಾಲು, ಸಹಾಯಧನ ಮುಂತಾಗಿ ಬಂದು, ಹಿಂದಿರುಗಿಸಬೇಕಾಗಿಲ್ಲದ ಹಣ ಒಂದು ಬಗೆಯದು; ಇದಕ್ಕೆ ರಾಜಸ್ವ ಎಂದು ಹೆಸರು. ಸಾಲವಾಗಿ ಬಂದು, ಮುಂದೆ ಹಿಂದಿರುಗಿಸಲೇಬೇಕಾದ ಹಣ ಇನ್ನೊಂದು ಬಗೆಯದು. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ ಎಂದು ವರ್ಷವರ್ಷವೂ ಕರಗಿಹೋಗುವ ಖರ್ಚನ್ನು ಈ ಮೊದಲ ಬಗೆಯ ಹಣದೊಂದಿಗೆ ಮಾತ್ರ ತೂಗಿ ನೋಡಿದಾಗ ಬರುವ ವ್ಯತ್ಯಾಸವೇ ಆ 402 ಕೋಟಿ ರೂಪಾಯಿ. ರಸ್ತೆ, ಅಣೆಕಟ್ಟು, ಕಟ್ಟಡ ಮುಂತಾದ ಬಂಡವಾಳ ವೆಚ್ಚ ಆ ತಕ್ಕಡಿಗೆ ಬಂದೇ ಇರುವುದಿಲ್ಲ. ಅದನ್ನೂ ಸೇರಿಸಿ, ಸಾಲವಲ್ಲದ ಎಲ್ಲ ಜಮೆಯನ್ನು ಕಳೆದಾಗ ಉಳಿಯುವ ಕಂದಕವನ್ನು ವಿತ್ತೀಯ ಕೊರತೆ ಎನ್ನುತ್ತೇವೆ. ಅದೇ ಆಯವ್ಯಯದಲ್ಲಿ ಅದು 60,581 ಕೋಟಿ ರೂಪಾಯಿಯಷ್ಟಿತ್ತು. ಹೊಸ ಸಾಲದ ಮೊತ್ತ ಅದಕ್ಕಿಂತಲೂ ಹೆಚ್ಚಿರುವುದು ಮುಖ್ಯವಾಗಿ ಹಳೆಯ ಸಾಲದ ಅಸಲನ್ನು ತೀರಿಸಲಿಕ್ಕೂ ಹಣ ಬೇಕಾಗುವುದರಿಂದ. ಹೀಗಾಗಿ ಒಂದೇ ಪುಸ್ತಕ ಒಂದು ಲೆಕ್ಕದಲ್ಲಿ ಮಿಗತೆಯದು, ಇನ್ನೊಂದು ಲೆಕ್ಕದಲ್ಲಿ ದೊಡ್ಡ ಕೊರತೆಯದು. ಯಾವ ಲೆಕ್ಕ ಎಂಬುದನ್ನು ಹೇಳದೆ ಇಡೀ ಬಜೆಟ್ಟಿಗೇ ‘ಉಳಿತಾಯ’ ಎಂದು ಹೆಸರಿಟ್ಟಾಗ, ಓದುಗ ಮೋಸ ಹೋಗುತ್ತಾನೆ.

ಇದರ ಇನ್ನೊಂದು ಮುಖ ಅದೇ ವರ್ಷದ ಜುಲೈನಲ್ಲಿ ಕಂಡಿತು. ಚುನಾವಣೆಯ ನಂತರ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಜುಲೈ 7ರಂದು ಅದೇ 2023-24ನೇ ಸಾಲಿಗೆ ಹೊಸ ಆಯವ್ಯಯವನ್ನು ಮಂಡಿಸಿದರು. ಗ್ಯಾರಂಟಿ ಯೋಜನೆಗಳ ವೆಚ್ಚವೂ ಸೇರಿ ರಾಜಸ್ವ ಲೆಕ್ಕದಲ್ಲಿ ಸುಮಾರು 12,500 ಕೋಟಿ ರೂಪಾಯಿ ಕೊರತೆ ಬಿತ್ತು. ಒಡನೆಯೇ ಅದು ‘ಖೋತಾ ಬಜೆಟ್’ ಎನಿಸಿಕೊಂಡಿತು. ವಿತ್ತೀಯ ಕೊರತೆ 66,646 ಕೋಟಿ ರೂಪಾಯಿಗೆ ಏರಿತು, ಸಾಲದ ಅಂದಾಜು 85,818 ಕೋಟಿ ರೂಪಾಯಿಗೆ ಹೋಯಿತು. ಆದರೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಲೆಕ್ಕದಲ್ಲಿ ನೋಡಿದರೆ ವಿತ್ತೀಯ ಕೊರತೆಯ ಪ್ರಮಾಣ ಎರಡು ಸಲವೂ ಶೇಕಡಾ 2.6ರ ಆಸುಪಾಸಿನಲ್ಲೇ ಇತ್ತು. ಐದು ತಿಂಗಳ ಅಂತರದಲ್ಲಿ ಒಂದಕ್ಕೆ ಉಳಿತಾಯವೆಂಬ ಹೆಸರು, ಇನ್ನೊಂದಕ್ಕೆ ಖೋತಾ ಎಂಬ ಹೆಸರು. ಈ ಎರಡು ಪದಗಳನ್ನು ಮಾತ್ರ ಕೇಳಿಸಿಕೊಂಡವನಿಗೆ ಒಂದು ಸರ್ಕಾರ ಹಣ ಕೂಡಿಟ್ಟಿತು, ಇನ್ನೊಂದು ಕಳೆದುಹಾಕಿತು ಎಂದೇ ಅನ್ನಿಸುತ್ತದೆ. ಸದನದಲ್ಲಿ ಆಡಳಿತ ಪಕ್ಷ, ವಿರೋಧ ಪಕ್ಷಗಳು ವಾದ ಮಾಡಬೇಕಾದದ್ದೇ; ರಾಜಸ್ವ ಕೊರತೆ ಬಿದ್ದುದು ಸರಿಯೇ ತಪ್ಪೇ ಎಂಬುದು ನಿಜವಾದ, ಗಂಭೀರವಾದ ಚರ್ಚೆ. ಅದನ್ನು ಹೊರಗಿನಿಂದ ಆಲಿಸುವವನ ಕೈಗೆ ತಕ್ಕ ಪದಗಳನ್ನು ಕೊಡಬೇಕಾದದ್ದು ಕನ್ನಡದಲ್ಲಿ ಬರೆಯುವ ನಮ್ಮ ಹೊಣೆ.

‘ಖೋತಾ’ ಎಂಬ ಪದಕ್ಕೆ ಇನ್ನೂ ಒಂದು ತೊಡಕಿದೆ. ದಿನಬಳಕೆಯಲ್ಲಿ ಖೋತಾ ಎಂದರೆ ಕಡಿತ. ರಜೆ ಹಾಕದೆ ಕೆಲಸ ತಪ್ಪಿಸಿದರೆ ‘ಸಂಬಳ ಖೋತಾ’. ಬರಬೇಕಾದ ಹಣವನ್ನು ಕಡಿಮೆ ಮಾಡಿದರೆ ‘ಅನುದಾನ ಖೋತಾ’. ಕಳೆದ ಸಲದ ಕಿರುಪರೀಕ್ಷೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು, “ಖೋತಾ ಬಜೆಟ್ ಎಂದರೆ ಇಲಾಖೆಗಳಿಗೆ ಕೊಡುವ ಹಣವನ್ನು ಸರ್ಕಾರವು ಕಡಿತ ಮಾಡಿರುವ ಬಜೆಟ್” ಎಂದು ಅಚ್ಚುಕಟ್ಟಾಗಿ ಬರೆದಿದ್ದಳು. ನಾನು ಕೆಂಪು ಶಾಯಿಯ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತುಬಿಟ್ಟೆ. ಅವಳು ತನ್ನ ಕನ್ನಡವನ್ನು ನಂಬಿ ಬರೆದಿದ್ದಳು, ಅವಳ ಕನ್ನಡ ಸರಿಯಾಗಿಯೇ ಇತ್ತು. ವಸ್ತುಸ್ಥಿತಿ ಮಾತ್ರ ತದ್ವಿರುದ್ಧ: ಜುಲೈನ ‘ಖೋತಾ’ ಬಜೆಟ್ಟಿನ ಗಾತ್ರ 3,27,747 ಕೋಟಿ ರೂಪಾಯಿ, ಫೆಬ್ರವರಿಯ ‘ಉಳಿತಾಯ’ ಬಜೆಟ್ಟಿನದು 3,09,182 ಕೋಟಿ. ಕಡಿತವಾಗುವುದಿರಲಿ, ಹದಿನೆಂಟು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬೆಳೆದಿತ್ತು.

ಸದನದ ಕಲಾಪದಲ್ಲಿ ನಿಜವಾಗಿಯೂ ಕಡಿತಕ್ಕೆ ಸಂಬಂಧಿಸಿದ ಒಂದು ನಡಾವಳಿ ಇರುವುದರಿಂದ ಈ ಗೊಂದಲ ಇನ್ನಷ್ಟು ಮುಖ್ಯವಾಗುತ್ತದೆ. ಇಲಾಖೆಗಳ ಅನುದಾನದ ಬೇಡಿಕೆಗಳು ಮತಕ್ಕೆ ಬರುವಾಗ, ಬೇಡಿಕೆಯ ಮೊತ್ತವನ್ನು ಇಳಿಸಬೇಕೆಂದು ಸದಸ್ಯರು ಸೂಚನೆ ಮಂಡಿಸಬಹುದು. ಲೋಕಸಭೆಯ ನಿಯಮಗಳಲ್ಲಿ ಇದರ ಮೂರು ಬಗೆಗಳಿವೆ: ನೀತಿಯನ್ನೇ ಒಪ್ಪುವುದಿಲ್ಲವೆಂದಾದರೆ ಮೊತ್ತವನ್ನು 1 ರೂಪಾಯಿಗೆ ಇಳಿಸಬೇಕೆನ್ನುವುದು, ಮಿತವ್ಯಯಕ್ಕಾಗಿ ಒಂದು ನಿರ್ದಿಷ್ಟ ಮೊತ್ತವನ್ನು ತಗ್ಗಿಸಬೇಕೆನ್ನುವುದು, ಯಾವುದೋ ಒಂದು ಕುಂದುಕೊರತೆಯನ್ನು ಸದನದ ಗಮನಕ್ಕೆ ತರಲು 100 ರೂಪಾಯಿ ಕಡಿಮೆ ಮಾಡಬೇಕೆನ್ನುವುದು. ‘ಖೋತಾ’ ಎಂಬ ಪದವನ್ನು ಇಂತಹ ಸೂಚನೆಗಳಿಗೆ ಕಾದಿರಿಸಿದರೆ ಅದರ ದಿನಬಳಕೆಯ ಅರ್ಥ, ಸದನದ ಅರ್ಥ ಎರಡೂ ಒಂದಾಗುತ್ತವೆ. ಖರ್ಚಿಗೆ ಹಣ ಸಾಲದಿರುವುದಕ್ಕೆ ‘ಕೊರತೆ’ ಎಂಬ ಒಳ್ಳೆಯ ಪದ ಈಗಾಗಲೇ ನಮ್ಮಲ್ಲಿದೆ.

ಕೊರತೆಯ ಹಿಂದೆ ಯಾವ ವಿಶೇಷಣವಿರಬೇಕು ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ಸರ್ಕಾರದ ಆಯವ್ಯಯ ಭಾಷಣದಲ್ಲಿ ‘ರಾಜಸ್ವ ಕೊರತೆ’ ಎಂದಿರುತ್ತದೆ. ಬರಹಗಾರರು ಕೆಲವರು ಅದನ್ನು ಸುಲಭ ಮಾಡುವ ಒಳ್ಳೆಯ ಉದ್ದೇಶದಿಂದ ‘ಕಂದಾಯ ಕೊರತೆ’ ಎಂದು ಬರೆಯುತ್ತಾರೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಕಂದಾಯ ಎಂದಕೂಡಲೇ ನಮ್ಮ ಜನರ ಕಣ್ಣ ಮುಂದೆ ಬರುವುದು ಜಮೀನು, ಪಹಣಿ, ತಾಲ್ಲೂಕು ಕಚೇರಿ, ಕಂದಾಯ ಅದಾಲತ್ತು. ಊರುಗಳಲ್ಲಾದರೆ ಮನೆ ಕಂದಾಯ. ‘ಕಂದಾಯ ಕೊರತೆ’ ಎಂದು ಕೇಳಿದವರಿಗೆ ರೈತರು ಈ ವರ್ಷ ಸರಿಯಾಗಿ ಕಂದಾಯ ಕಟ್ಟಿಲ್ಲ ಎಂಬ ಅರ್ಥವೇ ಹೊಳೆಯಬಹುದು. ಆದರೆ ಈಗ ರಾಜ್ಯದ ಖಜಾನೆಯನ್ನು ತುಂಬುತ್ತಿರುವುದು ಭೂಕಂದಾಯವಲ್ಲ. 2025-26ರ ಆಯವ್ಯಯದಲ್ಲಿ ವಾಣಿಜ್ಯ ತೆರಿಗೆಯಿಂದ 1,20,000 ಕೋಟಿ, ಅಬಕಾರಿಯಿಂದ 40,000 ಕೋಟಿ, ಮುದ್ರಾಂಕ ಮತ್ತು ನೋಂದಣಿಯಿಂದ 28,000 ಕೋಟಿ, ಮೋಟಾರು ವಾಹನ ತೆರಿಗೆಯಿಂದ 15,000 ಕೋಟಿ ರೂಪಾಯಿಯ ಗುರಿಯನ್ನು ಇಟ್ಟುಕೊಳ್ಳಲಾಗಿತ್ತು. ಇವುಗಳ ಮುಂದೆ ಭೂಕಂದಾಯದ ಪಾಲು ತೀರಾ ಸಣ್ಣದು.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಯುಗಾದಿಯ ದಿನ ಪಂಚಾಂಗ ಶ್ರವಣ ಮಾಡುವಾಗ ಪ್ರತಿಯೊಂದು ರಾಶಿಗೂ ಆಯ ಇಷ್ಟು, ವ್ಯಯ ಇಷ್ಟು ಎಂದು ಓದುತ್ತಾರೆ; ವರ್ಷವನ್ನು ನಾಲ್ಕು ನಾಲ್ಕು ತಿಂಗಳ ಮೂರು ಭಾಗ ಮಾಡಿ ಕಂದಾಯ ಫಲವನ್ನೂ ಹೇಳುತ್ತಾರೆ. ‘ಆಯವ್ಯಯ’ ಎಂಬುದು ವಿಧಾನಸೌಧದವರು ಕಟ್ಟಿದ ಬಿಗಿಯಾದ ಸಂಸ್ಕೃತ ಪದ ಎಂದು ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ. ಬೇವುಬೆಲ್ಲ ಬಾಯಲ್ಲಿಟ್ಟುಕೊಂಡು ತನ್ನ ರಾಶಿಗೆ ಆಯ ಎಷ್ಟು, ವ್ಯಯ ಎಷ್ಟು ಎಂದು ಕಿವಿಗೊಟ್ಟು ಕೇಳುವ ನಮ್ಮಜ್ಜಿಗೆ ಆ ಪದ ಎಂದೂ ಬಿಗಿಯೆನಿಸಿರಲಿಲ್ಲ. ಬಳಕೆಯಲ್ಲಿರುವ ಪದ ಎಂದರೆ ಪತ್ರಿಕೆಯಲ್ಲಿ ಅಚ್ಚಾಗುವ ಪದ ಮಾತ್ರವಲ್ಲ.

ರಾಜಸ್ವ ಎಂಬ ಪದದ ಬಗ್ಗೆ ನನ್ನ ನಿಲುವು ಸ್ವಲ್ಪ ಹೊಯ್ದಾಡುತ್ತಿದೆ. ಅದರ ಅರ್ಥ ನಿಖರವಾಗಿದೆ, ಕಾನೂನಿನಲ್ಲಿ ಅದಕ್ಕೆ ಸ್ಥಾನವಿದೆ. ಸಂವಿಧಾನದ 202ನೇ ಅನುಚ್ಛೇದದಲ್ಲಿ ‘ಬಜೆಟ್’ ಎಂಬ ಪದವೇ ಇಲ್ಲ. ಅಲ್ಲಿರುವುದು ವಾರ್ಷಿಕ ಹಣಕಾಸು ವಿವರಪತ್ರ, ಮತ್ತು ರಾಜಸ್ವ ಲೆಕ್ಕದ ವೆಚ್ಚವನ್ನು ಉಳಿದ ವೆಚ್ಚದಿಂದ ಬೇರೆಯಾಗಿಯೇ ತೋರಿಸಬೇಕು ಎಂಬ ಕಟ್ಟಳೆ. ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ, 2002 ಕೂಡ ಇದೇ ವಿಂಗಡಣೆಯ ಮೇಲೆ ನಿಂತಿದೆ: ರಾಜಸ್ವ ಕೊರತೆ ಇರಬಾರದು, ವಿತ್ತೀಯ ಕೊರತೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇಕಡಾ 3ನ್ನು ಮೀರಬಾರದು, ಒಟ್ಟು ಹೊಣೆಗಾರಿಕೆ, ಅಂದರೆ ಸರ್ಕಾರ ತೀರಿಸಬೇಕಾದ ಸಾಲ ಮುಂತಾದವುಗಳ ಮೊತ್ತ, ಶೇಕಡಾ 25ನ್ನು ದಾಟಬಾರದು ಎಂಬುವು ಅದರ ಮಿತಿಗಳು. 2004-05ರಿಂದ ಕೋವಿಡ್ ಬರುವ ತನಕ ರಾಜ್ಯವು ರಾಜಸ್ವ ಲೆಕ್ಕದಲ್ಲಿ ಮಿಗತೆಯನ್ನೇ ಕಾಯ್ದುಕೊಂಡಿತ್ತು. 2025-26ರ ಆಯವ್ಯಯದಲ್ಲಿ 19,262 ಕೋಟಿ ರೂಪಾಯಿ ರಾಜಸ್ವ ಕೊರತೆಯ ಅಂದಾಜಿದ್ದಾಗ ವಿರೋಧ ಪಕ್ಷದವರು ಮೊದಲ ಮಿತಿಯನ್ನು ಹಿಡಿದು ಟೀಕಿಸಲು, ಸರ್ಕಾರವು ವಿತ್ತೀಯ ಕೊರತೆ ಶೇಕಡಾ 2.95, ಹೊಣೆಗಾರಿಕೆ ಶೇಕಡಾ 24.91 ಎಂದು ಉಳಿದೆರಡು ಮಿತಿಗಳನ್ನು ಹಿಡಿದು ಸಮರ್ಥಿಸಿಕೊಳ್ಳಲು ಎಡೆಯಾಗುವುದು ಈ ವಿಂಗಡಣೆಯಿಂದಲೇ. ಎರಡನ್ನೂ ಬರೀ ‘ಖೋತಾ’ ಎಂದು ಬರೆದುಬಿಟ್ಟರೆ ಇಬ್ಬರ ವಾದವೂ ಓದುಗನಿಗೆ ತಲುಪುವುದಿಲ್ಲ.

ಇಷ್ಟಾದರೂ ರಾಜಸ್ವ ಎಂಬುದು ಮನೆಮಾತಾಗಿಲ್ಲ. ನನ್ನ ತರಗತಿಯಲ್ಲಿ ಅದನ್ನು ‘ರಾಜಸ್ವಾಮ್ಯ’ ಎಂದು ಓದುವವರೂ ಇದ್ದಾರೆ. ಅದಕ್ಕಾಗಿ ನಾನು ಎರಡು ವರ್ಷದಿಂದ ಪಾಠ ಹೇಳುವಾಗ ‘ವರಮಾನ’ ಎಂಬ ಪದವನ್ನು ಪ್ರಯೋಗಿಸಿ ನೋಡುತ್ತಿದ್ದೇನೆ: ವರಮಾನ ಕೊರತೆ, ವರಮಾನ ಮಿಗತೆ. ಇದರಲ್ಲಿ ಒಂದು ಗುಣವಿದೆ. ಸಾಲ ವರಮಾನವಲ್ಲ ಎಂಬುದು ಯಾರಿಗೂ ಹೇಳಿಕೊಡಬೇಕಾಗಿಲ್ಲದ ಸಂಗತಿ. ಅಡಿಕೆ ಮಾರಿದ್ದು ವರಮಾನ, ಹಾಲಿನ ಬಟವಾಡೆ ವರಮಾನ, ಸೊಸೈಟಿಯಿಂದ ಎತ್ತಿದ್ದು ಸಾಲ. “ವರಮಾನದಲ್ಲಿ ದಿನದ ಖರ್ಚು ಕಳೆದು 402 ಕೋಟಿ ಮಿಕ್ಕಿತು, ಆದರೆ ಕಟ್ಟಡ, ರಸ್ತೆ, ಹಳೇ ಸಾಲಕ್ಕೆಂದು ಹೊಸ ಸಾಲ ಮಾಡಿದರು” ಎಂದು ತಂದೆಯವರಿಗೆ ಹೇಳಿದಾಗ ಅವರು, “ಹಂಗನ್ನು ಮತ್ತೆ. ಮನೆ ಕಟ್ಟಕ್ಕೆ ಸಾಲ ಮಾಡ್ದಂಗೆ,” ಎಂದರು. ಹಿಂದೆ ಆದಾಯ ತೆರಿಗೆಯನ್ನು ‘ವರಮಾನ ತೆರಿಗೆ’ ಎನ್ನುತ್ತಿದ್ದುದರಿಂದ ಇಲ್ಲಿ ಘರ್ಷಣೆಯಾಗುತ್ತದೆ ಎಂಬ ಆಕ್ಷೇಪಣೆಯನ್ನು ಸಹೋದ್ಯೋಗಿಯೊಬ್ಬರು ಎತ್ತಿದ್ದಾರೆ. ಈಗ ‘ಆದಾಯ ತೆರಿಗೆ’ಯೇ ನೆಲೆಯೂರಿರುವುದರಿಂದ ಅದು ದೊಡ್ಡ ತೊಡಕಲ್ಲವೆಂದು ನಾನು ತಿಳಿದಿದ್ದೇನೆ.

ಉಳಿತಾಯದ ಜಾಗದಲ್ಲಿ ಏನಿರಬೇಕು ಎಂಬುದನ್ನು ನೋಡುವುದಾದರೆ, ‘ಹೆಚ್ಚುವರಿ’ ಸಲ್ಲದು. ಹೆಚ್ಚುವರಿ ಜಿಲ್ಲಾಧಿಕಾರಿ, ಹೆಚ್ಚುವರಿ ಬಸ್ಸು ಎನ್ನುವಲ್ಲಿ ಅದಕ್ಕೆ ಇನ್ನೊಂದು ಎಂಬ ಅರ್ಥ ಗಟ್ಟಿಯಾಗಿದೆ. ಉಳಿತಾಯದಲ್ಲಿ ಬೇಕೆಂದೇ ಖರ್ಚು ತಗ್ಗಿಸಿ ಕೂಡಿಟ್ಟ ಭಾವವಿದೆ. ಉಳಿತಾಯ ಖಾತೆ ಎಂಬ ಪ್ರಯೋಗ ಆ ಭಾವವನ್ನು ಇನ್ನೂ ಬಲಪಡಿಸಿದೆ. ಮಿಗತೆ ಎನ್ನುವಲ್ಲಿ ಹೊಗಳಿಕೆ ಇಲ್ಲ, ತೆಗಳಿಕೆಯೂ ಇಲ್ಲ. ಕಳೆದ ಮೇಲೆ ಮಿಕ್ಕಿದ್ದು ಎಂಬಷ್ಟೇ ಅರ್ಥ. ಸರ್ಕಾರದ ಹಣದ ಲೆಕ್ಕ ಹೇಳುವ ಪದಕ್ಕೆ ಆ ಸಮಚಿತ್ತ ಇರಲೇಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಬಲ್ಲವರಲ್ಲಿ ನಾನು ಕೇಳುವುದು ಇಷ್ಟು. ಮಿಗತೆ, ಮಿಗುತೆ, ಮಿಗುತಾಯ ಎಂಬ ಮೂರು ರೂಪಗಳನ್ನೂ ಬರಹಗಳಲ್ಲಿ ಕಂಡಿದ್ದೇನೆ; ನಿಮ್ಮ ಭಾಗದ ಆಡುಮಾತಿನಲ್ಲಿ ಇವುಗಳಲ್ಲಿ ಯಾವುದು ಜೀವಂತವಾಗಿದೆ? ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯ ಅಡತಿ ಅಂಗಡಿಗಳ ಕೀರ್ದಿ ಪುಸ್ತಕಗಳಲ್ಲಿ ಖೋತಾ ಎಂಬುದನ್ನು ಕಡಿತಕ್ಕೆ ಬರೆಯುತ್ತಿದ್ದರೋ, ಕೊರತೆಗೆ ಬರೆಯುತ್ತಿದ್ದರೋ? ಹಳೆಯ ಪುಸ್ತಕವನ್ನು ಮನೆಯಲ್ಲಿ ಇಟ್ಟುಕೊಂಡಿರುವವರು ಒಂದೆರಡು ಸಾಲನ್ನು ಇದ್ದ ಹಾಗೆಯೇ ಬರೆದು ತಿಳಿಸಿದರೆ ಉಪಕಾರವಾಗುತ್ತದೆ. ಮಂಗಳೂರು, ಉಡುಪಿ ಕಡೆಯವರು ‘ವರಮಾನ’ ಎಂಬುದನ್ನು ದುಡಿಮೆಯ ಸಂಬಳಕ್ಕೂ ಹೇಳುತ್ತಾರೋ, ತೋಟದ ಉತ್ಪತ್ತಿಗೆ ಮಾತ್ರವೋ ಎಂಬುದೂ ನನಗೆ ತಿಳಿಯಬೇಕಾಗಿದೆ. ಜೂನ್ ತಿಂಗಳಲ್ಲಿ ಹೊಸ ತರಗತಿಗೆ ಪಾಠದ ಟಿಪ್ಪಣಿ ಬರೆಯುವುದಿದೆ. ಅಷ್ಟರೊಳಗೆ ರಾಜಸ್ವವನ್ನು ಉಳಿಸಿಕೊಳ್ಳುವುದೋ, ವರಮಾನವನ್ನು ಬರೆಯುವುದೋ ಎಂದು ನಿರ್ಧರಿಸಬೇಕು.