ಮೂಳೆ ಪುಡಿ ತುಂಬಿದರೆ ಸಾಕಾ?

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೊ) ಹಲ್ಲು ಹೋದ ಕಡೆ ದವಡೆ ಮೂಳೆಗೆ ಕೂರಿಸುವ ಟೈಟಾನಿಯಂ ಸ್ಕ್ರೂ ಇದೆಯಲ್ಲ, ಆ ಇಂಪ್ಲಾಂಟ್ ಸುತ್ತ ಮೂಳೆ ಕರಗಿದ್ದರೆ ಒಸಡು ಬಿಡಿಸಿ ಮೂಳೆ ಪುಡಿ ತುಂಬುತ್ತಾರಂತೆ. ಎಲ್ಲಾ ಮೊದಲಿನ ಹಾಗೇ ಆಗುತ್ತದಂತೆ. ಶೋಭಾ, ನಿನಗೆ ಇದನ್ನು ಮಾಡಲೇ ಇಲ್ಲವಲ್ಲ? ಸರಿಯಾಗಿ ಟೋಪಿ ಹಾಕಿದ್ದಾರೆ.

ಶೋಭಕ್ಕ: ಟೋಪಿ ಅಂತ ಯಾಕೆ ಅಂತೀರಿ ಚಿಕ್ಕಪ್ಪ? ನನಗೆ ಒಳಗೆಲ್ಲ ಕ್ಲೀನ್ ಮಾಡಿ, ಒಸಡನ್ನು ಸ್ವಲ್ಪ ಕೆಳಗೆ ಇಳಿಸಿ ಹೊಲಿಗೆ ಹಾಕಿದರು. ಈಗ ಹಲ್ಲು ಉದ್ದ ಕಾಣುತ್ತದೆ, ಬುಡದಲ್ಲಿ ಸ್ಕ್ರೂವಿನ ಎರಡು ಸುತ್ತು ಹೊರಗೆ ಬಂದಿವೆ, ಅದು ನಿಜ. ಆದರೆ ಒಸಡು ಒತ್ತಿದರೆ ಬರುತ್ತಿದ್ದ ಕೀವು ನಿಂತಿದೆ.

ರವಿ: ಸ್ಕ್ರೂ ಕಾಣುತ್ತಿದೆ ಅಂದರೆ ಕೆಲಸ ಕೆಟ್ಟಿದೆ ಅಂತಲೇ ಅಲ್ವಾ ಅಕ್ಕ?

ಕಾವ್ಯ: ಅಲ್ಲ ಕಣೋ. ಪುಡಿ ನಿಲ್ಲಬೇಕಾದರೆ ಸುತ್ತ ಗೋಡೆ ಬೇಕು. ಮೂಳೆ ಬಟ್ಟಲಿನ ಹಾಗೆ ಗುಂಡಿ ಬಿದ್ದು, ಅಂಚು ಉಳಿದಿದ್ದು, ಆಳ 3 ಮಿ.ಮೀ. ಆದರೂ ಇದ್ದರೆ ಪುಡಿ ತುಂಬಿದ್ದಕ್ಕೆ ಅರ್ಥ ಇದೆ. ಅಕ್ಕನ ಎಕ್ಸ್‌ರೇ ನಾನೇ ನೋಡಿದ್ದೇನೆ, ಮೂಳೆ ಸುತ್ತಲೂ ಸಮವಾಗಿ ತಗ್ಗಿತ್ತು. ಅಲ್ಲಿ ಪುಡಿ ಹಾಕಿದ್ದರೆ ಚಪ್ಪಟೆ ಕಲ್ಲಿನ ಮೇಲೆ ಮರಳು ಸುರಿದ ಹಾಗೆ.

ಚಿಕ್ಕಪ್ಪ: ವಿಡಿಯೊ ಪೂರ್ತಿ ನೋಡಮ್ಮ. ಎಕ್ಸ್‌ರೇಯಲ್ಲಿ ಕಪ್ಪಗಿದ್ದ ಜಾಗ ಬೆಳ್ಳಗಾಗಿದೆ. ಕಣ್ಣಾರೆ ಕಂಡಿದ್ದು ಸುಳ್ಳಾ?

ಕಾವ್ಯ: ಆ ಪುಡಿಯೇ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ ಚಿಕ್ಕಪ್ಪ! ತುಂಬಿದ ದಿನವೇ ತೆಗೆದರೂ ಬೆಳ್ಳಗೇ. ಮೂಳೆ ಟೈಟಾನಿಯಂಗೆ ಮತ್ತೆ ಕಚ್ಚಿಕೊಂಡಿದೆಯೋ ಇಲ್ಲವೋ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ. ನಾವು ಹಲ್ಲಿನ ಡಾಕ್ಟರುಗಳು ಒಸಡಿನ ಸಂದಿಗೆ ಸಣ್ಣ ಕಡ್ಡಿ ಇಳಿಸಿ ಆಳ ಎಷ್ಟು, ರಕ್ತ ಬರುತ್ತದಾ, ಕೀವು ಬರುತ್ತದಾ ಅಂತ ನೋಡುತ್ತೇವೆ. ನಿಜವಾದ ತಲೆನೋವು ಸ್ಕ್ರೂ ಸುತ್ತುಗಳ ಮಧ್ಯೆ ಕೂತ ಕೊಳೆ. ಮೈಯೆಲ್ಲಾ ಒರಟು, ಟೈಟಾನಿಯಂ ಬ್ರಷ್ ಹಾಕಿ ಉಜ್ಜಿ ಸಲೈನ್ ಬಿಟ್ಟು ತೊಳೆದರೂ ಪ್ರತಿ ಸುತ್ತಿನ ಕೆಳಗಿನ ಮಗ್ಗುಲು ಸಿಗುವುದು ಬಹಳ ಕಷ್ಟ. ಅದು ಉಳಿದರೆ ಮೇಲೆ ಏನು ತುಂಬಿದರೂ ಮತ್ತೆ ಕೀವೇ.

ರವಿ: ಆಂಟಿಬಯೋಟಿಕ್ ಸಾಕಲ್ವಾ, ಸುಮ್ನೆ ಕೊಯ್ಯೋದು ಯಾಕೆ?

ಶೋಭಕ್ಕ: ನಾನು ಎರಡು ಸಲ ನುಂಗಿದೆ ಕಣೋ. ಮಾತ್ರೆ ಮುಗಿದ ಸ್ವಲ್ಪ ದಿನಕ್ಕೇ ಮತ್ತೆ ಬಾಯಿ ವಾಸನೆ. ಆಮೇಲೂ ಸೀದಾ ಕೊಯ್ಯಲಿಲ್ಲ, ಮೇಲಿಂದಲೇ ಕ್ಲೀನ್ ಮಾಡಿ ಎರಡು ತಿಂಗಳು ಕಾದರು, ಒಸಡಿನ ಸಂದಿಯ 7 ಮಿ.ಮೀ. ಆಳ ಹಾಗೇ ಇತ್ತು. ಒಸಡು ತೆರೆದಾಗ, ಸ್ಕ್ರೂ ಮೇಲೆ ಹಲ್ಲಿನ ಕ್ಯಾಪ್ ಅಂಟಿಸಿದ ಸಿಮೆಂಟ್ ಚೂರು ಒಳಗೆ ಸಿಕ್ಕಿತು, ಉಗುರು ಕತ್ತರಿಸಿದ ಚೂರಿನಷ್ಟು. ಇಷ್ಟು ವರ್ಷ ಅದೇ ಅಲ್ಲಿ ಕೂತಿತ್ತು ನೋಡಿ!

ಚಿಕ್ಕಪ್ಪ: ಇಷ್ಟೆಲ್ಲ ರಗಳೆಗಿಂತ ಕಿತ್ತು ಹೊಸದು ಹಾಕಿಸುವುದೇ ವಾಸಿ.

ಕಾವ್ಯ: ಅಲ್ಲಾಡುತ್ತಿದ್ದರೆ ತೆಗೆಯಲೇಬೇಕು. ಬಿಗಿಯಾಗಿ ಕೂತಿದ್ದನ್ನು ಕೀಳಲು ಹೋದರೆ ಇರುವ ಮೂಳೆಯೂ ಜೊತೆಗೆ ಹೋಗಬಹುದು. ಅಂದಹಾಗೆ ನಿಮ್ಮ ಇಂಪ್ಲಾಂಟ್ ಹೇಗಿದೆ?

ಚಿಕ್ಕಪ್ಪ: ನೋವೇನೂ ಇಲ್ಲ. ಉಜ್ಜುವಾಗ ಸ್ವಲ್ಪ ರಕ್ತ, ಅಷ್ಟೇ.

ಶೋಭಕ್ಕ: ನನಗೂ ನೋವಿರಲಿಲ್ಲ.

ಕಾವ್ಯ: ಬರೀ ಒಸಡು ಊದಿದ್ದರೆ ಸಾಮಾನ್ಯವಾಗಿ ಕ್ಲೀನಿಂಗ್‌ನಲ್ಲೇ ಸರಿಹೋಗುತ್ತದೆ. ಹಾಕಿಸಿದಾಗ ತೆಗೆದ ಎಕ್ಸ್‌ರೇ ಹುಡುಕಿ ಚಿಕ್ಕಪ್ಪ, ಈಗಿನದರ ಪಕ್ಕ ಇಟ್ಟು ನೋಡಬೇಕು.

ಚಿಕ್ಕಪ್ಪ: ಅದು ಹಳೇ ಫೋನಿನಲ್ಲಿತ್ತು. ಚಾರ್ಜರ್ ಹುಡುಕುತ್ತೇನೆ ಇರು.